ಉಳಿಸಿದ ಅರ್ಧ ವರ್ಷ

ಹಳೆಯ ಕಾರನ್ನು ಮಾರುವ ಮುಂಚೆ ತೊಳೆಯಬೇಕಲ್ಲ ಎಂದು ಮೊನ್ನೆ ಮೆಲ್ಬರ್ನಿನ ಟ್ರುಗನಿನಾದ ನಮ್ಮ ಮನೆಯ ಮುಂದೆ ಬಕೆಟ್ ಇಟ್ಟುಕೊಂಡು ಕೂತೆ. ಪಕ್ಕದ ಸೀಟಿನ ಕೆಳಗೆ, ನೆಲಹಾಸಿಗೆ ಏನೋ ಕಚ್ಚಿಕೊಂಡಿತ್ತು. ಇಲಿಯ ಹಿಕ್ಕೆಯೋ, ಕಾರಿನ ಯಾವುದೋ ಮುಖ್ಯ ಭಾಗವೇ ಕಳಚಿ ಬಿದ್ದಿದೆಯೋ ಎಂದು ವಾಡಿಕೆಯಂತೆ ಎರಡೆರಡು ಬಗೆಯಲ್ಲಿ ಹೆದರಿದೆ. ಬಿಸಿನೀರು ಹಾಕಿ ಉಜ್ಜಿದಾಗ ಲಿಂಬೆಯ ಹುಳಿ ವಾಸನೆ ಎದ್ದಿತು. ಪೆಪ್ಪರ್‌ಮಿಂಟು. ಇಷ್ಟು ವರ್ಷಗಳ ಮೇಲೂ...

ಅದು ನಾವು ಮೊದಲಿದ್ದ ಸಿಡ್ನಿಯ ಗಿರಾವೀನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್‌ರದು. ಉಡುಪಿಯ ಕಡೆಯವರು. ಹೆಂಡತಿಯೊಡನೆ ತುಳು, ನನ್ನೊಡನೆ ಕನ್ನಡ, ಮಗಳೊಡನೆ ಅವಳು ಒಪ್ಪಿದ ಭಾಷೆ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅವರ ಎರಡೂ ಕಿಡ್ನಿಗಳು ಕೈಕೊಟ್ಟವು. "ಇಲ್ಲಿ ಖಾಯಂ ಇರ್ಲಿಕ್ಕೆ ಪಿಆರ್ ಸಿಕ್ಕಿ ಚಿಕಿತ್ಸೆ ಫ್ರೀ ಆಗುವವರೆಗೆ ಕಾದು ಆಮೇಲೆ ಹೋದದ್ದು ನೋಡಿ. ನನ್ನ ಕಿಡ್ನಿಗೂ ವ್ಯವಹಾರ ಗೊತ್ತುಂಟು ಮಾರಾಯ್ರೆ," ಎನ್ನುತ್ತಿದ್ದರು. ಶನಿವಾರದ ಡಯಾಲಿಸಿಸ್ಸಿಗೆ ಅವರನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ನೀರನ್ನು ಅಳೆದು ಕುಡಿಯಬೇಕಾದ್ದರಿಂದ ಬಾಯಿ ಒಣಗದಂತೆ ದಾರಿಯುದ್ದಕ್ಕೂ ಪೆಪ್ಪರ್‌ಮಿಂಟು ಚೀಪುತ್ತಿದ್ದರು.

ಮಗಳು ಆಗ ಹತ್ತನೆಯ ತರಗತಿ. ಅವಳು ಕಪ್ಪು ಗೌನು ತೊಟ್ಟು ಪದವಿ ಪಡೆಯುವುದನ್ನು ಸಭೆಯಲ್ಲಿ ಕೂತು ನೋಡಬೇಕು. ಅವರಿಗೆ ಇದ್ದದ್ದು ಅದೊಂದೇ ಆಸೆ. ಇನ್ನೆಷ್ಟು ವರ್ಷ ಎಂದು ಡಾಕ್ಟರು ಹೇಳಿರಲಿಲ್ಲ; ಅಂಕಲ್ ತಾವೇ ಲೆಕ್ಕ ಹಾಕಿಕೊಂಡಿದ್ದರು, ಮತ್ತು ಆ ಲೆಕ್ಕದಲ್ಲಿ ಸ್ವಲ್ಪ ಕಡಿಮೆ ಬೀಳುತ್ತಿತ್ತು.

ಹಾಗಾಗಿ ಕಾರಿನಲ್ಲಿ ನಮ್ಮ ಮಾತೆಲ್ಲ ಒಂದೇ: ಹೈಸ್ಕೂಲಿನಲ್ಲಿದ್ದಾಗಲೇ ಯೂನಿವರ್ಸಿಟಿಯ ಕ್ರೆಡಿಟ್ ಗಳಿಸಿಕೊಡುವ ಓದು ಯಾವುದು? ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದಿದರೆ ಕೆಲವು ಕಡೆ ಮೊದಲ ವರ್ಷದ ಒಂದೆರಡು ವಿಷಯ ಬಿಡುತ್ತಾರೆ, ಆದರೆ ಅದಿದ್ದ ಶಾಲೆಗಳ ಫೀಸು ಕೇಳಿದರೆ ಇರುವ ಆರೋಗ್ಯವೂ ಕೆಡುತ್ತದೆ. ಹನ್ನೆರಡನೆಯ ತರಗತಿಗೆ ಸಿಡ್ನಿಯಲ್ಲಿರುವ ಎಚ್‌ಎಸ್‌ಸಿಯಲ್ಲಿ ಕಷ್ಟದ ಗಣಿತ ತೆಗೆದುಕೊಂಡರೆ ಅಂಕ ಏರುತ್ತದೆ, ಪದವಿಯ ಅವಧಿ ಇಳಿಯುವುದಿಲ್ಲ. ನನ್ನ ಮಗಳು ಆಗಿನ್ನೂ ಅಂಗಳದ ಮಣ್ಣು ತಿನ್ನುತ್ತಿದ್ದಳು; ಆದರೂ ಅವಳ ಹನ್ನೆರಡನೆಯ ತರಗತಿಯ ಚಿಂತೆಯಲ್ಲಿ ನಾನು ಹಸಿರು ಸಿಗ್ನಲ್ಲಿನಲ್ಲೂ ನಿಂತುಬಿಡುತ್ತಿದ್ದೆ.

"ಹೋಗಿ ಮಾರಾಯ್ರೆ, ಇದಕ್ಕಿಂತ ಹಸಿರು ಆಗ್ಲಿಕ್ಕಿಲ್ಲ!"

ಒಂದು ಶನಿವಾರ ಕಾರು ಹತ್ತುತ್ತಲೇ, "ಮೆಲ್ಬರ್ನಿನಲ್ಲಿ ನನ್ನ ಭಾವನ ಮಗ ಕಾಲೇಜಿಗೆ ಸೇರಿದ್ನಂತೆ. ಹನ್ನೆರಡು ವರ್ಷಕ್ಕೆ!" ಎಂದರು. ಹನ್ನೆರಡಕ್ಕೇ ಕಾಲೇಜು ಎಂದರೆ ಸಿಡ್ನಿಯ ನಮ್ಮ ಮಕ್ಕಳ ಗತಿ? ಪಿಯುಸಿಯನ್ನೇ ಕಾಲೇಜು ಎಂದುಕೊಂಡು ಬೆಳೆದ ನಾವಿಬ್ಬರೂ ಆಸ್ಪತ್ರೆ ಮುಟ್ಟುವವರೆಗೆ ಮೆಲ್ಬರ್ನಿನ ಮಕ್ಕಳ ಬುದ್ಧಿಯನ್ನು ಕೊಂಡಾಡಿದೆವು. ಅಲ್ಲಿ ಹೈಸ್ಕೂಲಿಗೇ 'ಸೆಕೆಂಡರಿ ಕಾಲೇಜ್' ಎನ್ನುತ್ತಾರೆಂದು ಆಮೇಲೆ ಅವರ ಮಗಳೇ ತಿಳಿಸಿದಳಂತೆ, ನಕ್ಕು ನಕ್ಕು.

ಆದರೆ ಆ ತಪ್ಪಿನ ಎಳೆ ಹಿಡಿದು ವಿಚಾರಿಸಿದಾಗ ನಿಜವಾದದ್ದೊಂದು ಸಿಕ್ಕಿತು. ಎಚ್‌ಎಸ್‌ಸಿಯ ಬದಲು ಮೆಲ್ಬರ್ನಿನಲ್ಲಿರುವ ವಿಸಿಇಯಲ್ಲಿ ಜಾಣ ಮಕ್ಕಳು ಹನ್ನೆರಡನೆಯ ತರಗತಿಯಲ್ಲೇ ಯೂನಿವರ್ಸಿಟಿಯ ಮೊದಲ ವರ್ಷದ ಒಂದು ವಿಷಯ ಓದಬಹುದು; ಅದು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಅದರ ಜೊತೆ ಬೇಸಿಗೆ ರಜೆಗಳಲ್ಲೂ ಓದಿದರೆ ಪದವಿ ಅರ್ಧ ವರ್ಷ ಮೊದಲೇ ಮುಗಿಯುತ್ತದೆ. ಮಗಳನ್ನು ಆ ಭಾವನ, ಅಂದರೆ ಅವಳ ಸೋದರಮಾವನ ಮನೆಗೆ ಕಳಿಸುವುದೆಂದು ಅಂಕಲ್ ತೀರ್ಮಾನಿಸಿಬಿಟ್ಟರು.

ಆಂಟಿ ಬಾಗಿಲಲ್ಲಿ ನಿಂತು, ನನ್ನೆದುರೇ ಕೇಳಿದರು: "ಅರ್ಧ ವರ್ಷ ಉಳಿಸ್ಲಿಕ್ಕೆ ಅವಳನ್ನು ಇಷ್ಟು ವರ್ಷ ದೂರ ಇಡುದಾ? ಇದು ಎಂತ ಗಣಿತ ನಿಮ್ದು?"

ಅಂಕಲ್ ನನ್ನ ಮುಖ ನೋಡಿದರು. ನಾನು ಕಾರಿನ ಟೈರು ನೋಡಿದೆ.

ಹುಡುಗಿ ಹೋದಳು. ಅಲ್ಲಿ ಅಂದುಕೊಂಡದ್ದೆಲ್ಲ ಆಯಿತು: ಆ ಒಂದು ವಿಷಯ, ಒಳ್ಳೆಯ ಅಂಕ, ಮೆಲ್ಬರ್ನಿನಲ್ಲೇ ಸೀಟು, ರಜೆಯಲ್ಲೂ ಓದು. ರಜೆಯಲ್ಲಿ ಓದುವವಳು ರಜೆಗೆ ಮನೆಗೆ ಬರುವುದೆಲ್ಲಿಂದ? ಫೋನಿನಲ್ಲಿ ಮಾತು ಬರಬರುತ್ತ ಚಿಕ್ಕದಾಯಿತು. ಅಂಕಲ್ ಕಾರಿನಲ್ಲಿ ಆ ಓದು ಈ ಓದು ಎಂದು ಹೋಲಿಸುವುದನ್ನು ನಿಲ್ಲಿಸಿ ಸುಮ್ಮನೆ ಪೆಪ್ಪರ್‌ಮಿಂಟು ಚೀಪುತ್ತ ಕೂರುತ್ತಿದ್ದರು. ಜೇಬಿನಿಂದ ಒಂದೆರಡು ಜಾರಿ ಬಿದ್ದರೆ ಬಗ್ಗಿ ಎತ್ತಿಕೊಳ್ಳಲು ಆಗುತ್ತಿರಲಿಲ್ಲ...

ಅವಳ ಪದವಿಯ ಕೊನೆಯ ವರ್ಷದಲ್ಲಿ ಅವರು ತೀರ ಇಳಿದುಹೋದರು. ಮಗಳು ಓದಿಗೆ ಅರ್ಧ ವರ್ಷ ರಜೆ ಹಾಕಿ ಮನೆಗೆ ಬಂದಳು. ಮೊದಲ ಶನಿವಾರ ನನ್ನ ಕಾರನ್ನು ಅವಳೇ ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಕೂತು ಬ್ರೇಕು ಇಲ್ಲದ ಕಡೆ ಬ್ರೇಕು ಒತ್ತುತ್ತಿದ್ದೆ. ಅಂಕಲ್ ಗೊಣಗಿದರು: "ಅಷ್ಟು ಕಷ್ಟಪಟ್ಟು ಉಳಿಸಿದ ಅರ್ಧ ವರ್ಷ ಮಗಾ. ಅದನ್ನು ಈ ಆಸ್ಪತ್ರೆ ದಾರಿಯಲ್ಲಿ ಮುಗಿಸ್ತೀಯಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ದೆನ್ ವಾಟ್ ವಾಸ್ ಇಟ್ ಫಾರ್, ಪಪ್ಪಾ?"

ಅಂಕಲ್ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ ಸದ್ದು ಮಾತ್ರ ಕೇಳಿಸಿತು.

ಆ ಅರ್ಧ ವರ್ಷ ಮುಗಿಯುವ ಮುಂಚೆ ಅವರು ಹೋದರು. ಹುಡುಗಿ ಹಿಂತಿರುಗಿ ಓದಿ, ತನ್ನ ತರಗತಿಯ ಜೊತೆಯವರೊಡನೆಯೇ ಪದವಿ ಪಡೆದಳು. ಒಂದು ದಿನವೂ ಮೊದಲಲ್ಲ. ಸಭೆಯಲ್ಲಿ ಆಂಟಿಯ ಪಕ್ಕ ನಾನಿದ್ದೆ. ಅವಳ ಹೆಸರು ಕರೆದಾಗ ಆಂಟಿ ಚಪ್ಪಾಳೆ ತಟ್ಟಲಿಲ್ಲ. ಮಡಿಲಲ್ಲಿ ಕೈ ಬಿಗಿಹಿಡಿದು ಕೂತಿದ್ದರು.

ಕಾರು ನೋಡಲು ಬಂದ ಹುಡುಗ ನೆಲಹಾಸಿನ ಕಲೆ ತೋರಿಸಿ ಬೆಲೆ ಇಳಿಸಲು ಕೇಳಿದ. ಇಳಿಸಿದೆ. ಪೂರ್ತಿ ಹೋಗುವ ಕಲೆಯಲ್ಲ ಅದು. ಉಜ್ಜುವುದನ್ನು ನಡುವೆಯೇ ನಿಲ್ಲಿಸಿದ್ದೂ ನಾನೇ.