ಎಂಬತ್ತು ಕಿಲೋಮೀಟರ್ ಮಿಕ್ಕಿತ್ತು

ಸದಲಗಾದಿಂದ ನೈರೋಬಿಗೆ ಹೊರಡುವ ಮುಂಚೆ ದೊಡ್ಡವ್ವ ನನಗೆ ಒಂದೇ ಷರತ್ತು ಹಾಕಿದ್ದಳು: ದಾರಿ ಐದು ಸಾವಿರ ಕಿಲೋಮೀಟರ್ ದಾಟಬಾರದು. ಹರೆಯದಲ್ಲಿ ಜೈನ ಮುನಿಗಳೆದುರು ದಿಗ್ವ್ರತ ಸ್ವೀಕರಿಸಿದವಳು ಅವಳು. ಯಾವ ದಿಕ್ಕಿಗೂ ತಾನೇ ಹಾಕಿಕೊಂಡ ಮಿತಿ ಮೀರಿ ಹೋಗುವಂತಿಲ್ಲ. ನೈರೋಬಿಯಲ್ಲಿದ್ದ ಮಗಳು ಸುನಂದಾಳಿಗೆ ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ದಿನ ತುಂಬುತ್ತಿದ್ದವು. ಅವಳಿಗೆ ತಾಯಿ ಬೇಕಿತ್ತು. ತಾಯಿಗೆ ವ್ರತವೂ ಉಳಿಯಬೇಕಿತ್ತು.

ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಲೆಕ್ಕ ಹಾಕಿದೆ. ಮುಂಬೈಗೆ ರಸ್ತೆ ನಾನೂರ ಇಪ್ಪತ್ತು, ಅಲ್ಲಿಂದ ವಿಮಾನದ ದಾರಿ ನಾಲ್ಕೂವರೆ ಸಾವಿರ. "ಇನ್ನೂ ಎಂಬತ್ತು ಕಿಲೋಮೀಟರ್ ಮಿಕ್ಕತೈತಿ ದೊಡ್ಡವ್ವಾ," ಎಂದೆ, ಭಾರೀ ಗತ್ತಿನಲ್ಲಿ.

ನಿಪ್ಪಾಣಿಯಲ್ಲಿ ಮುಂಬೈ ಬಸ್ಸು ಹಿಡಿದೆವು. ಕೊಲ್ಹಾಪುರ ದಾಟುವವರೆಗೂ ಜಿಟಿಜಿಟಿ ಮಳೆ. ಮರುದಿನ ಬೆಳಿಗ್ಗೆ ವಿಮಾನ, ಆರು ತಾಸಿನ ಪಯಣ. ವಿಮಾನದವರು ಕೊಟ್ಟ ತಟ್ಟೆ ಮುಟ್ಟದೆ ದೊಡ್ಡವ್ವ ಚಪಾತಿ, ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿ ಬಿಚ್ಚಿದಳು. ಎದುರಿನ ಪರದೆಯಲ್ಲಿ ಅಂಕಿಗಳು ಓಡುತ್ತಿದ್ದವು.

"ಇದ್ಯಾಕ ಹನ್ನೊಂದು ಸಾವಿರ ತೋರಸಾಕತ್ತೈತಿ?"

"ಅದು ಎತ್ತರ. ಅಷ್ಟು ಮೀಟರ್ ಮ್ಯಾಲ ಅದೀವಿ ನಾವು."

ಚಪಾತಿ ಮುರಿಯುತ್ತಿದ್ದ ಕೈ ನಿಂತಿತು. "ಶಿಖರ್ಜಿ ಗುಡ್ಡ ಎಷ್ಟ ಎತ್ತರ ಐತೋ ತಮ್ಮಾ?"

"ಸಾವಿರದ ಮುನ್ನೂರು ಚಿಲ್ಲರೆ."

"ಆ ಯಾತ್ರಾ ಒಂದ ಸಾಕಂತ ಮ್ಯಾಲಿನ ದಿಕ್ಕಿಗೆ ನಾ ಹಾಕ್ಕೊಂಡ ಮಿತಿ ಅಷ್ಟ. ನೀ ಎಲ್ಲಾ ಅಳದೀ ಅಂತ ನಂಬಿದ್ನಲ್ಲೋ."

ದಿಗ್ವ್ರತಕ್ಕೆ ಹತ್ತು ದಿಕ್ಕು, ಮೇಲೂ ಕೆಳಗೂ ಸೇರಿ. ನಮ್ಮ ಬಸದಿಗೆ ಬರುವ ಕೂಸುಗಳಿಗೂ ಇದು ಗೊತ್ತು. ನಾನು ನಕಾಶೆಯ ಮೇಲೆ ಅಡ್ಡಡ್ಡ ಅಳೆದು ಮೆರೆದಿದ್ದೆ!

"ಇಳದ ಮ್ಯಾಲ ಎಲ್ಲಾ ಸರಿಹೋಗತೈತಿ," ಎನ್ನುತ್ತಿದ್ದಂತೆಯೇ ನನ್ನದೇ ಪಾಠ ನೆನಪಾಯಿತು. ಸಮಭಾಜಕ ವೃತ್ತದ ಪಕ್ಕದಲ್ಲಿದ್ದರೂ ನೈರೋಬಿ ಯಾಕೆ ತಂಪು ಎಂದು ವರ್ಷ ವರ್ಷವೂ ಹುಡುಗರನ್ನು ಕೇಳುವವನು ನಾನೇ. ಆ ಊರು ಇರುವುದೇ ಸಾವಿರದ ಏಳುನೂರು ಮೀಟರಿಗಿಂತ ಎತ್ತರದಲ್ಲಿ. ಮುಚ್ಚಿಡಲಾಗದೆ ಅದನ್ನೂ ಹೇಳಿದೆ. ದೊಡ್ಡವ್ವ ಬುತ್ತಿ ಗಂಟು ಕಟ್ಟಿದಳು. ಇಳಿಯುವವರೆಗೆ ಹನಿ ನೀರೂ ಕುಡಿಯಲಿಲ್ಲ. ನನಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ವಿಮಾನ ನಿಲ್ದಾಣಕ್ಕೆ ಸುನಂದಾ ಸ್ವೆಟರ್ ಹಿಡಿದು ಬಂದಿದ್ದಳು. ದೊಡ್ಡವ್ವ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಂದಿನಿಂದಲೇ ಪ್ರಾಯಶ್ಚಿತ್ತವೆಂದು ಒಪ್ಪತ್ತು ಊಟ ಹಿಡಿದಳು. ಐದನೆಯ ದಿನ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಕ್ಷೇಮ.

ನನ್ನ ರಜೆ ಮುಗಿಯಿತು. "ಮೂರು ತಿಂಗಳಿಗೆ ಬಂದು ಕರಕೊಂಡು ಹೋಗ್ತೀನಿ," ಎಂದೆ.

ದೊಡ್ಡವ್ವ ಮೊಮ್ಮಗಳ ಕುಲಾವಿ ಸರಿಮಾಡಿದಳು. "ಬರಬೇಕಾದ್ರ ಗೊತ್ತಿಲ್ಲದ ಏರಿದ್ನಿ. ಹೋಗಬೇಕಾದ್ರ ಗೊತ್ತಿದ್ದು ಏರಬೇಕಲ್ಲೋ ತಮ್ಮಾ."

ಒಬ್ಬನೇ ವಿಮಾನ ಹತ್ತಿದೆ. ಕಿಟಕಿಯಲ್ಲಿ ಆ ಊರು ಸಣ್ಣದಾಗುತ್ತ ಹೋಯಿತು. ಮುಂಬೈಗೆ ನಾಲ್ಕೂವರೆ ಸಾವಿರ ಕಿಲೋಮೀಟರ್ ಎಂದು ಪರದೆ ತೋರಿಸಿತು. ಅವಳಿಗೆ ಸದಲಗಾ ಇನ್ನು ಎಷ್ಟು ದೂರ ಎಂದು ಈ ಭೂಗೋಳದ ಮಾಸ್ತರನಿಗೆ ಹೇಳಲು ಬರಲಿಲ್ಲ.