ಒಂದೇ ಸಲ ಕೇಳುವ ಊರು

ಫಿನ್ಲೆಂಡಿನ ತಾಂಪೆರೆಗೆ ಬಂದ ಮೊದಲ ಭಾನುವಾರ ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥ ಪೆಕ್ಕ ತಮ್ಮ ಮನೆಗೆ ಕರೆದಿದ್ದರು. ಅವರ ಹೆಂಡತಿ ತಟ್ಟೆ ತುಂಬ ಪುಲ್ಲಾ ತಂದರು. ಪುಲ್ಲಾ ಎಂದರೆ ಏಲಕ್ಕಿ ಹಾಕಿದ ಸಿಹಿ ಬನ್ನು. ಅಷ್ಟು ದೂರದ ಹಿಮದ ನಾಡಿನಲ್ಲಿ ಏಲಕ್ಕಿಯ ಘಮ ಮೂಗಿಗೆ ಬಡಿದು ನನ್ನ ಬಾಯಲ್ಲಿ ನೀರೂರಿತು. "ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. "ಬೇಡ, ಈಗಷ್ಟೇ ಆಯಿತು" ಎಂದೆ. ಆಕೆ ತಲೆಯಾಡಿಸಿ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿಬಿಟ್ಟರು. ತಟ್ಟೆ ಮೇಜು ಸುತ್ತಿ ಖಾಲಿಯಾಗಿ ಅಡುಗೆಮನೆಗೆ ಹೋಯಿತು. ನಾನು ಅವರು ಮತ್ತೆ ಕೇಳುತ್ತಾರೆಂದು ಕಾಯುತ್ತಲೇ ಇದ್ದೆ.

ಗುಲಬರ್ಗಾ ಜಿಲ್ಲೆಯ ನಮ್ಮ ಸೇಡಂ ಕಡೆಯವರಿಗೆ ನನ್ನ ಪಾಡು ವಿವರಿಸಬೇಕಿಲ್ಲ. ಕೇಳಿದ ಕೂಡಲೇ ಹೂಂ ಅಂದರೆ ನಮ್ಮಲ್ಲಿ ಅವರು ಆಸೆಬುರುಕರು. ಬೇಡ ಅನ್ನುವುದು ಬಂದವರ ಮರ್ಯಾದೆ, "ಹಂಗಂದ್ರ ಹೆಂಗ್ರಿ, ಕುಂದ್ರಿ" ಎಂದು ಒತ್ತಾಯ ಮಾಡುವುದು ಮನೆಯವರ ಮರ್ಯಾದೆ. ಒಬ್ಬರು ಹಿಂದೆ ಸರಿದರೆ ಇನ್ನೊಬ್ಬರು ಮುಂದೆ ಬರಬೇಕು. ಇಲ್ಲಿ ನಾನು ಹಿಂದೆ ಸರಿದೆ, ಮುಂದೆ ಬರುವವರು ಯಾರೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನನ್ನದು ಎರಡು ವರ್ಷದ ಕರಾರಿನ ಕೆಲಸ. ಕಾಯಂ ಆದರೆ ಅವ್ವನನ್ನು ಕರೆಸಿಕೊಂಡು ಒಂದು ಬೇಸಿಗೆಯಾದರೂ ಜೊತೆಗಿಟ್ಟುಕೊಳ್ಳಬೇಕು ಎಂಬುದು ಒಂದೇ ಆಸೆ. ಅವ್ವ ಕುರಕುಂಟಾದ ಸರಕಾರಿ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದವಳು, ನಿವೃತ್ತಿಯಾದ ಮೇಲೆ ಸೇಡಂನಲ್ಲಿ ಅಕ್ಕನ ಸಂಸಾರದ ಜೊತೆ ಇದ್ದಳು. ಹತ್ತಿರದ ವಾಡಿ ಜಂಕ್ಷನ್ ದಾಟಿ ರೈಲಿನಲ್ಲಿ ಹೋದದ್ದು ಕಡಿಮೆ. ನನ್ನನ್ನು ಮಾತ್ರ ಓದಿಸುತ್ತ ಓದಿಸುತ್ತ ಇಲ್ಲಿಯವರೆಗೆ ತಳ್ಳಿದವಳು ಅವಳೇ.

ಮನೆ ಸಿಕ್ಕ ರೀತಿ ಹೇಳಬೇಕು. ಗುಲಬರ್ಗಾದಲ್ಲಿ ಎಂ.ಎಸ್ಸಿ. ಓದುವಾಗ ಬಾಡಿಗೆ ಕೋಣೆ ಕೇಳಲು ಹೋದರೆ ಮೊದಲು ನನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಅದಾದ ಮೇಲೆ ಜಾತಿ ತಿಳಿಯಲು "ಯಾರ ಪೈಕಿ ನೀವು?" ನಮ್ಮ ಮನೆಯಲ್ಲಿ ಬುದ್ಧನ ಪಟವಿದೆ ಎಂದು ಗೊತ್ತಾದ ಕೂಡಲೇ ಖಾಲಿ ಕೋಣೆ ಭರ್ತಿಯಾಗಿಬಿಡುತ್ತಿತ್ತು. ತಾಂಪೆರೆಯಲ್ಲಿ ಸಹಿ ಹಾಕಿಸಿಕೊಂಡು ಕೀಲಿ ಕೊಟ್ಟರು, ಅಷ್ಟೇ. ಯಾರ ಪೈಕಿ ಎಂದು ಯಾರೂ ಕೇಳಲಿಲ್ಲ. ಹೇಗಿದ್ದೀಯ ಎಂದೂ ಕೇಳಲಿಲ್ಲ. ಪಕ್ಕದ ಬಾಗಿಲಿನಾಕೆ ನಾನು ಮೆಟ್ಟಿಲ ಮೇಲೆ ಇರುವ ಸದ್ದು ಕೇಳಿದರೆ ನಾನು ಇಳಿದು ಹೋಗುವ ತನಕ ಒಳಗೇ ನಿಂತಿರುತ್ತಿದ್ದಳು. ಮೊದಮೊದಲು ಇದು ಬಿಡುಗಡೆ ಅನಿಸಿತು. ಚಳಿಗಾಲ ನಡು ಮುಟ್ಟುವಷ್ಟರಲ್ಲಿ ಯಾರಾದರೂ ಅಡ್ಡಹಾಕಿ ಏನಾದರೂ ಕೇಳಲಿ ಅನಿಸತೊಡಗಿತು.

ಕೆಲಸದ ವಿಷಯ. ನಾವು ಮಾಡುತ್ತಿದ್ದದ್ದು ಒಂದು ಬಗೆಯ ಕನ್ನಡಕ. ಹಾಕಿಕೊಂಡರೆ ಎದುರಿನ ರಸ್ತೆಯೂ ಕಾಣಬೇಕು, ಆ ರಸ್ತೆಯ ಮೇಲೆ ತೇಲುವ ಚಿತ್ರವೂ ಕಾಣಬೇಕು. ಚಿತ್ರದ ಬೆಳಕು ಗಾಜಿನ ಒಂದು ಮೂಲೆಯಲ್ಲಿ ಒಳಹೊಕ್ಕು, ಒಳಗೊಳಗೇ ಪುಟಿಯುತ್ತ ಸಾಗಿ, ಕಣ್ಣಿನ ಎದುರಿಗೆ ಹೊರಬರುತ್ತದೆ. ಒಳಗೆ ಬಿಡುವುದೂ ಹೊರಗೆ ಕಳಿಸುವುದೂ ಗಾಜಿನ ಮೇಲಿನ ಗೀರುಗಳು. ಒಂದು ಕೂದಲಿನ ಅಗಲದಲ್ಲಿ ನೂರಕ್ಕೂ ಹೆಚ್ಚು ಗೀರು ಹಿಡಿಸುವಷ್ಟು ಸಣ್ಣವು. ಕಷ್ಟವೆಲ್ಲ ಹೊರಗೆ ಕಳಿಸುವ ಗೀರುಗಳದ್ದೇ. ಊಟದ ಪಂಕ್ತಿಯಲ್ಲಿ ಬಡಿಸುವವನು ಮೊದಲ ಎಲೆಗಳಿಗೇ ಸೌಟುಗಟ್ಟಲೆ ಸುರಿದರೆ ಕೊನೆಯವರಿಗೆ ಏನು ಉಳಿದೀತು? ಹಾಗೆಯೇ ಮೊದಲ ಗೀರುಗಳು ಬೆಳಕನ್ನು ಹೊರಚೆಲ್ಲಿಬಿಟ್ಟರೆ, ಕಣ್ಣು ಚೂರು ಸರಿದರೂ ಚಿತ್ರ ಮಂಕು. ಮೊದಲಿನವು ಕಡಿಮೆ ಆಳ, ಮುಂದಿನವು ಹೆಚ್ಚು ಹೆಚ್ಚು ಆಳ ಇರಬೇಕು. ಎಲ್ಲಿ ಎಷ್ಟು ಎಂಬುದೇ ವಿನ್ಯಾಸ. ನಾನು ತಿಂಗಳುಗಟ್ಟಲೆ ಅದರ ಲೆಕ್ಕದಲ್ಲಿ ಮುಳುಗಿದ್ದೆ.

ಒಂದು ಸಭೆಯಲ್ಲಿ ಪೆಕ್ಕ ನನ್ನ ಕಡೆ ತಿರುಗಿ, "ಹೊರಗೆ ಕಳಿಸುವ ಗೀರುಗಳ ವಿನ್ಯಾಸದ ಹೊಣೆ ನೀವು ವಹಿಸಿಕೊಳ್ಳುತ್ತೀರಾ?" ಎಂದರು. ಇದು ದಕ್ಕಿದರೆ ಕೆಲಸ ಕಾಯಂ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಬಾಯಿ ಅದರಷ್ಟಕ್ಕೆ ಅದು, "ನನಗಿಂತ ಅನುಭವ ಇದ್ದವರು ಇದ್ದಾರೆ, ಅವರು ಮಾಡಲಿ" ಎಂದಿತು.

"ಸರಿ" ಎಂದ ಪೆಕ್ಕ ಪಕ್ಕದವನನ್ನು ಕೇಳಿದರು. "ಮಿಕಾ, ನೀನು?"

"ಆಗಲಿ" ಎಂದ ಮಿಕಾ.

ಸಭೆ ಮುಂದಿನ ವಿಷಯಕ್ಕೆ ಹೋಯಿತು. ಸಂಜೆ ಅವ್ವನಿಗೆ ಫೋನು ಹಚ್ಚಿ ಅತ್ತೆ.

"ಅಳಬ್ಯಾಡ ಶಶಿ, ಇನ್ನೊಮ್ಮೆ ಕೇಳ್ತಾರ ತಗೋ" ಎಂದಳು ಅವ್ವ.

"ಇಲ್ಲಿ ಇನ್ನೊಮ್ಮೆ ಕೇಳಂಗಿಲ್ಲವ್ವಾ."

"ಹಂಗ್ಯಾಕ? ಅವ್ರೇನ್ ಮನ್ಷ್ಯಾರಲ್ಲೇನು?"

ಮರುದಿನ ಪೆಕ್ಕನ ಬಾಗಿಲಲ್ಲಿ ನಿಂತು, "ಆ ವಿನ್ಯಾಸ ನನಗೆ ಬೇಕು" ಎಂದೆ. ಕೈಚಾಚಿ ಬೇಡಿದಷ್ಟು ನಾಚಿಕೆಯಾಯಿತು. ಪೆಕ್ಕ, "ನಿನ್ನೆ ಯಾಕೆ ಬೇಡ ಎಂದಿರಿ?" ಎಂದರು. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ನಾನೇ ಹೋಗಿ ಮಿಕಾನನ್ನು ಕೇಳಿದರೆ ಅವನು ತಕರಾರಿಲ್ಲದೆ ಬಿಟ್ಟುಕೊಟ್ಟ. "ನಿನಗೆ ಬೇಜಾರಿಲ್ಲ ತಾನೆ? ಖಂಡಿತ ತಾನೆ?" ಎಂದು ನಾನು ಕೆದಕುತ್ತ ಹೋದಾಗ ಮಾತ್ರ ಅವನ ಮುಖ ಬಿಗಿಯಾಯಿತು. "ಇಲ್ಲ ಎಂದು ಹೇಳಿದೆನಲ್ಲ" ಎಂದ.

ಮುಂದಿನ ಚಳಿಗಾಲಕ್ಕೆ ನನ್ನ ಗೀರುಗಳ ಗಾಜು ಸಿದ್ಧವಾಗಿ ಬಂತು. ಕಣ್ಣಿಗೆ ಹಿಡಿದು ಕಿಟಕಿಯಾಚೆ ನೋಡಿದೆ. ಹಿಮ ಕೂತ ಮರಗಳ ಮೇಲೆ ಒಂದು ಹಸಿರು ಬಾಣ ತೇಲುತ್ತಿತ್ತು. ಕಣ್ಣನ್ನು ಅತ್ತಿತ್ತ ಸರಿಸಿದರೂ ಮಂಕಾಗಲಿಲ್ಲ. ಭಾಳ ಖುಷಿಯಾಯಿತು. ಪೆಕ್ಕ ನೋಡಿ "ಚೆನ್ನಾಗಿದೆ" ಎಂದರು. ಅವರ ಮಟ್ಟಿಗೆ ಅದು ಮೆರವಣಿಗೆ. ಕೆಲಸ ಕಾಯಂ ಆಯಿತು. ಅಷ್ಟರಲ್ಲಿ ಕೇಳಿದ ಕೂಡಲೇ ಹೌದು, ಇಲ್ಲ ಎನ್ನುವುದು ನನಗೂ ರೂಢಿಯಾಗಿತ್ತು. ಪುಲ್ಲಾ ಬಂದರೆ ಎರಡು ಎತ್ತಿಕೊಳ್ಳುತ್ತಿದ್ದೆ.

ಆ ವರ್ಷ ಸೇಡಂಗೆ ಹೋದಾಗ ಊಟಕ್ಕೆ ಕೂತು ಅವ್ವನನ್ನು ಕೇಳಿದೆ. "ಈ ಬ್ಯಾಸಗಿಗಿ ನನ್ನ ಕೂಡ ಬರ್ತೀಯೇನವ್ವಾ?"

"ಬ್ಯಾಡವ್ವ. ಅಷ್ಟು ದೂರ ನಾ ಬಂದೇನ್ ಮಾಡ್ಲಿ."

ನಿರಾಸೆಯಾಯಿತು. ಆದರೂ "ಆಯ್ತು" ಎಂದು ರೊಟ್ಟಿ ಮುರಿದೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿ ಎದ್ದು ನೀರು ತರಲು ಹೋದಳು.

ಮರುದಿನ ಅಕ್ಕ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದಳು. "ಒಮ್ಮೆ ಕೇಳಿ ಸುಮ್ನಾದ್ಯಲ್ಲ, ಏನಾಗ್ಯದ ನಿನಗ? ಅವ್ವ ಗುಲಬರ್ಗಾದಿಂದ ದಪ್ಪಂದು ಸ್ವೆಟರ್ ತರಿಸಿ ಇಟ್ಟಾಳ. ಸೇಡಂದಾಗ ಸ್ವೆಟರ್ ಯಾರ್ ಹಾಕ್ತಾರ? ನಿನ್ನೆಯಿಂದ ನೀ ಇನ್ನೊಮ್ಮೆ ಕೇಳ್ತೀ ಅಂತ ಕಾಯಲಿಕತ್ತಾಳ."

ಒಳಗೆ ಹೋದೆ. ಅವ್ವ ನೆಲದ ಮೇಲೆ ಕೂತು ಬ್ಯಾಳಿ ಹಸನು ಮಾಡುತ್ತಿದ್ದಳು. "ಖರೇ ಹೇಳವ್ವಾ, ಬರೋ ಮನಸ್ಸು ಅದನೋ ಇಲ್ಲೋ?" ಎಂದೆ.

ಅವಳು ತಲೆ ಎತ್ತಲಿಲ್ಲ. "ಅದನ್ನೂ ನನ್ನ ಬಾಯಿಲೇ ಹೇಳಸ್ತೀಯೇನು?" ಎಂದಳು.

ನನ್ನ ಅವ್ವನ ಮಾತು ತಿಳಿಯಲು ನನಗೆ ಇನ್ನೊಬ್ಬರು ಬೇಕಾಯಿತು. ಮತ್ತೇನೂ ಕೇಳದೆ ವೀಸಾದ ಫೋಟೋ ತೆಗೆಸಲು ಕರೆದುಕೊಂಡು ಹೋದೆ. ಸುಡುವ ಬಿಸಿಲಿನಲ್ಲೂ ಆ ಸ್ವೆಟರ್ ಹಾಕಿಕೊಂಡೇ ಬಂದಳು.

ಬೇಸಿಗೆಯಿಡೀ ತಾಂಪೆರೆಯಲ್ಲಿ ನನ್ನ ಜೊತೆ ಇದ್ದಳು. ಕತ್ತಲಾಗದ ರಾತ್ರಿಗಳನ್ನು ಕಂಡು ನಕ್ಕಳು. ಬಾಗಿಲ ಹಿಂದೆ ನಿಲ್ಲುತ್ತಿದ್ದ ಪಕ್ಕದಾಕೆಗೆ ಶೇಂಗಾ ಹೋಳಿಗೆ ತಿನ್ನಿಸಿದಳು. ಹೊರಡುವ ದಿನ ಬಂತು. "ಇನ್ನೊಂದು ತಿಂಗಳು ಇರವ್ವಾ" ಎಂದೆ. "ಬ್ಯಾಡವ್ವ" ಎಂದಳು. ಮತ್ತೆ ಕೇಳಿದೆ. "ಬ್ಯಾಡ, ಅಲ್ಲಿ ಕೆಲಸ ಅವ" ಎಂದಳು. ಮತ್ತೂ ಕೇಳಬೇಕಿತ್ತೋ, ಸಾಕಿತ್ತೋ, ಮುಖ ನೋಡಿದರೆ ತಿಳಿಯಲಿಲ್ಲ. ಹೇಳಲು ಅಕ್ಕ ಅಲ್ಲಿರಲಿಲ್ಲ. ನಾನು ಪೆಟ್ಟಿಗೆ ಎತ್ತಿ ಕಾರಿಗೆ ಇಟ್ಟೆ.