ಹತ್ತು ಬೆರಳಿಗೆ ಬಣ್ಣ, ಒಂದೇ ಓಟು

ನಾನೂ ನನ್ನ ಮೊಮ್ಮಗಳೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು ಮೊದಲನೇ ಓಟು ಹಾಕಿ ಬಂದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವ ತಾಳ್ಮೆ ನನಗಿಲ್ಲ. ಅವಳಿಗೆ ಇಪ್ಪತ್ತೆರಡು, ನನಗೆ ಅರವತ್ತರ ಮೇಲೆ. ಹಿಂದೆಲ್ಲ ಓಟು ಎಂದರೆ ಕಂದಾಯ ಕಟ್ಟುವವರದು, ಓದಿದವರದು. ಆಗ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲದಲ್ಲಿ ಎರಡು ಮಗ್ಗ ನಡೆಸಿದ ನಮ್ಮ ಯಜಮಾನರು ಓಟಿನ ಚೀಟಿಯನ್ನು ಕಣ್ಣಿಂದ ನೋಡದೆಯೇ ಹೋದರು. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡವರಿಗೆಲ್ಲ ಓಟು ಸಿಕ್ಕಿ, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಹೆಸರೂ ಮದ್ರಾಸ್ ಅಸೆಂಬ್ಲಿಯ ಪಟ್ಟಿಯಲ್ಲಿ ಬಂದಿತ್ತು. ಬಿಡುವುದುಂಟೇ?

ಓಟು ಹಾಕುವುದನ್ನು ಕಲಿಸಿದವಳು ಮೊಮ್ಮಗಳೇ. ಕಾಮಗೆರೆಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳು ಓಟಿಗೆಂದೇ ಮನೆಗೆ ಬಂದಿದ್ದಳು. ಚುನಾವಣೆಗೆ ನಿಂತವರಿಗೆಲ್ಲ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಚೀಟಿಯ ಮೇಲೆ ಏನೂ ಬರೆಯದೆ ಬೇಕಾದವರ ಪೆಟ್ಟಿಗೆಯೊಳಗೆ ಹಾಕಬೇಕು. ಅವಳು ಮೂರು ಎಣ್ಣೆ ಡಬ್ಬ ಸಾಲಾಗಿಟ್ಟು, ಇದ್ದಿಲಿನಲ್ಲಿ ಮಡಕೆ, ಪೊರಕೆ, ಮಗ್ಗದ ಲಾಳಿ ಬರೆದಳು. ನಾನು ಪ್ರತಿಸಲವೂ ಲಾಳಿಯ ಡಬ್ಬಕ್ಕೇ ಹಾಕಿದೆ.

"ಅಲ್ಲಿ ಲಾಳಿ ಇರಕಿಲ್ಲ ಕಣಜ್ಜಿ. ನೋಡ್ಕಂಡು ಆಕು. ಯಾರಿಗಾಕ್ದೆ ಅಂತ ಆಚೆ ಬಂದು ಯಾರ್ಗೂ ಯೋಳ್ಬೇಡ."

"ನಿಂಗೂ?"

"ನಂಗೂ."

ಓಟು ಹಾಕುವವರ ಎಡಗೈ ಬೆರಳಿಗೆ ನೇರಳೆ ಮಸಿ ಹಚ್ಚುತ್ತಾರೆ, ಅದಾಗುವವರೆಗೆ ಬಣ್ಣದ ಹಂಡೆಗೆ ಕೈ ಹಾಕಬೇಡ ಎಂದೂ ಹೇಳಿದ್ದಳು. ಕೇಳಿದೆನೇ? ಹಿಂದಿನ ದಿನ ಮಧ್ಯಾಹ್ನ ಮದುವೆ ಸೀರೆಯ ರೇಷ್ಮೆ ನೂಲಿಗೆ ನೇರಳೆ ಬಣ್ಣ ಹಾಕುತ್ತಿದ್ದೆವು. ಸೊಸೆ ಕೋಲಿನಲ್ಲಿ ತಿರುವುತ್ತಿದ್ದಳು, ಬಣ್ಣ ಒಂದೇ ಸಮ ಹತ್ತುತ್ತಿರಲಿಲ್ಲ. ನೂಲನ್ನು ಕೈಯಾರೆ ಹಿಂಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹಿಂಡಿದೆ. ಎರಡೂ ಕೈ ಮಣಿಕಟ್ಟಿನ ಅಂಚಿನವರೆಗೆ ನೇರಳೆಯಾದವು.

ಹುಣಸೆಹಣ್ಣು ಹಾಕಿ ತಿಕ್ಕಿದೆ, ನಿಂಬೆಹುಳಿ ಹಾಕಿದೆ, ಒಲೆಯ ಬೂದಿ ಹಾಕಿದೆ. ಚರ್ಮ ಉರಿಯಿತೇ ಹೊರತು ಬಣ್ಣ ಅಲುಗಲಿಲ್ಲ. ಬೆಳಿಗ್ಗೆ ಹೆಂಗಸರ ಸಾಲಿನಲ್ಲಿ ಕೈ ಸೆರಗಿನೊಳಗೆ ಮುಚ್ಚಿಕೊಂಡು ನಿಂತೆ. ನಿಂತಲ್ಲಿ ನಿಲ್ಲಲಾಗದು. ಸಾಲು ಮುಂದೆ ಹೋದರೆ ಭಯ, ಹೋಗದಿದ್ದರೆ ಸಿಟ್ಟು.

ಮೇಜಿನ ಹಿಂದಿದ್ದ ಆಫೀಸರು ಸೆರಗಿನಿಂದ ಇಣುಕಿದ ನನ್ನ ಬೆರಳು ನೋಡಿ, ಓಟು ಹಾಕಿ ಆಗಿದೆಯಲ್ಲ, ಮತ್ತೇಕೆ ಬಂದೆ ಎಂದು ತಮಿಳಿನಲ್ಲಿ ಕೇಳಿದರು. ಪಕ್ಕಕ್ಕೆ ಸರಿ ಎಂದು ಕೈ ಬೀಸಿದರು.

"ನಾನು ಬ್ಯಾಡ ಅನ್ನಲಿಲ್ವಾ?" ಎಂದು ಹಿಂದಿನಿಂದ ಮೊಮ್ಮಗಳು ಪಿಸುಗುಟ್ಟಿದಳು.

ನಾನು ಸರಿಯಲಿಲ್ಲ. ಸೆರಗಿನಿಂದ ಎರಡೂ ಕೈ ತೆಗೆದು ಮೇಜಿನ ಮೇಲೆ ಚಾಚಿದೆ. "ಒಂದೋಟಿಗೆ ಒಂದು ಬೆರಳು ತಾನೆ ಸಾ? ನಂಗೆ ಹತ್ತಕ್ಕೂ ಅದೆ. ಹತ್ತು ಸಲ ಆಕಿದ್ದೀನಾ? ಇದು ರೇಷ್ಮೆ ಬಣ್ಣ ಕಣ್ ಸಾ."

ಸಾಲಿನಲ್ಲಿ ನಗು ಎದ್ದಿತು. ಆಫೀಸರು ನಗಲಿಲ್ಲ. ಪಟ್ಟಿಯ ಹಾಳೆ ತಿರುವಿ ತಿರುವಿ ನೋಡಿದರು. ನನ್ನ ಹೆಸರಿನ ಮುಂದೆ ಗುರುತು ಬಿದ್ದಿರಲಿಲ್ಲ. ಆಗ ಮಸಿ ಹಚ್ಚಲು ಜಾಗ ಹುಡುಕಿದರು. ಕೊನೆಗೆ ಬಣ್ಣ ಮುಟ್ಟದ ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆದು ಚೀಟಿ ಕೊಟ್ಟರು.

ಪರದೆಯ ಹಿಂದೆ ನಾನೊಬ್ಬಳೇ. ಕೈ ಬೆವರಿ ಚೀಟಿಗೆ ಬಣ್ಣ ಹತ್ತೀತೆಂದು ತುದಿಯಲ್ಲಷ್ಟೇ ಹಿಡಿದಿದ್ದೆ. ಲಾಳಿ ಇರಲಿಲ್ಲ. ಒಂದೊಂದೇ ಪೆಟ್ಟಿಗೆಯ ಚಿತ್ರ ನೋಡಿ, ಬೇಕಾದದ್ದರೊಳಗೆ ಹಾಕಿ, ಚೀಟಿ ಒಳಗೆ ಬಿತ್ತೇ ಎಂದು ಕಿಂಡಿಯಲ್ಲಿ ಇಣುಕಿದೆ.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ಮುದ್ದೆ, ಅವರೆಕಾಳಿನ ಸಾರು. ಮಗ ನನ್ನ ಮಣಿಕಟ್ಟಿನ ಗೆರೆಯನ್ನೇ ನೋಡುತ್ತಿದ್ದವನು, "ಯಾವ ಪೆಟ್ಟಿಗೆಗಾಕ್ದವ್ವ?" ಎಂದ.

"ಬಾಯಿ ಬುಡಕಿಲ್ಲ ಕಣಪ್ಪ," ಎಂದಳು ಮೊಮ್ಮಗಳು. "ನಾನೇ ಕಲ್ಸಿರೋದು. ನಂಗೇ ಯೋಳಿಲ್ಲ."

ನಾನು ನೇರಳೆ ಕೈಯಲ್ಲಿ ಮುದ್ದೆ ಮುರಿದು, ಸೊಸೆಗೆ ಇನ್ನೊಂದು ಸೌಟು ಸಾರು ಬಿಡು ಎಂದೆ.